ಉಂಡ ಮನೆಯ ಜಂತಿ

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡು ಎರಡು ವರ್ಷವಾಯಿತು. ಯಾರ ಮನೆಗೆ ಹೋದರೂ ಚಹಾದ ಕಪ್ಪು ಕೈಗೆ ಬರುವ ಮೊದಲೇ ನನ್ನ ಕಣ್ಣು ಛಾವಣಿಯ ಕಡೆ ಹೋಗಿಬಿಡುತ್ತದೆ. ಮೊನ್ನೆ ನಮ್ಮ ಶಾಲೆಯ ಹಿಂದಿ ಟೀಚರ್ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಎಲ್ಲರೂ ಹುಡುಗನ ಮುಖ ನೋಡುತ್ತಿದ್ದಾಗ ನಾನು ಫ್ಯಾನಿನ ಕೊಂಡಿಯ ಸುತ್ತ ಬಿಟ್ಟಿದ್ದ ಬಿರುಕು ನೋಡುತ್ತಿದ್ದೆ. ಅದು ಬರೀ ಮೇಲೆ ಮೆತ್ತಿದ ಗಿಲಾವಿನ ಬಿರುಕೋ ಸ್ಲ್ಯಾಬಿನದೇ ಬಿರುಕೋ ಎಂದು ತಲೆ ಕೆಡಿಸಿಕೊಂಡಿರುವಾಗ ಟೀಚರ್ ಅವರ ಅತ್ತೆ ನನ್ನ ನೋಟವನ್ನು ಗಮನಿಸಿದರು. ಜೇಡರ ಬಲೆ ಕಂಡಿರಬೇಕು ಅಂದುಕೊಂಡರೋ ಏನೋ ಪಾಪ, ಒಳಗಿನಿಂದ ಉದ್ದ ಕೋಲಿನ ಕಸಬರಿಗೆ ತರಿಸಿದರು. ಶುಭಕಾರ್ಯದ ನಟ್ಟನಡುವೆ ಕಸಬರಿಗೆ ಬಂತು. ಹುಡುಗನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಫೋನ್ ಬಂದವಳ ಹಾಗೆ ನಟಿಸಿ ಅಂಗಳಕ್ಕೆ ಹೋಗಿ ನಿಂತೆ.

ಈ ಚಾಳಿ ಹುಟ್ಟಿದ್ದು ನಾವು ಮನೆ ಕೊಳ್ಳಲು ಹೊರಟ ವರ್ಷ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿಟ್ಟು ಹೋದರು. ಮಂದಿ ಕಟ್ಟಿದ ಮನೆಯನ್ನು ಕೊಂಡು ನೋಡು ಅಂತ ಯಾರೂ ಹೇಳಲಿಲ್ಲ. ಅವರ ಕಾಲಕ್ಕೆ ಮನೆ ಮಾರುವುದೇ ನಾಚಿಕೆಯ ಸಂಗತಿಯಾಗಿತ್ತಲ್ಲ, ಕೊಳ್ಳುವವರಿಗೆ ಬುದ್ಧಿ ಹೇಳುವ ಪ್ರಸಂಗ ಎಲ್ಲಿ ಬರಬೇಕು. ಹಾಗಾಗಿ ನಮಗೆ ದಾರಿ ತೋರಿಸಲು ಉಳಿದದ್ದು ಫೋನಿನ ವಿಡಿಯೋಗಳು ಮಾತ್ರ.

ನಾನು ಮೂಡಲಗಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮವರು ಗೋಕಾಕದಲ್ಲಿ ಲೈನ್‌ಮನ್. ದಿನಾ ಮುಂಜಾನೆ ಗೋಕಾಕದಲ್ಲಿ ಬಸ್ಸು ಹತ್ತಿದರೆ ಅರಭಾವಿಯ ತನಕ ತೋಟಗಾರಿಕೆ ಕಾಲೇಜಿನ ಹುಡುಗರ ನಡುವೆ ನಿಂತೇ ಹೋಗಬೇಕು. ಅವರು ಇಳಿದ ಮೇಲೆ ಸೀಟು ಸಿಗುತ್ತದೆ. ಆಗ ನಾನು ಫೋನ್ ತೆಗೆದು, ಕೋಟು ಹಾಕಿಕೊಂಡ ಒಬ್ಬ ಚಿಕ್ಕ ವಯಸ್ಸಿನವ 'ಮೊದಲ ಮನೆ ಕೊಳ್ಳುವಾಗ ಈ ತಪ್ಪು ಮಾಡಬೇಡಿ' ಎಂದು ಹೆದರಿಸುವುದನ್ನು ಕೇಳುತ್ತಿದ್ದೆ. ಕೇಳಿದ್ದನ್ನೆಲ್ಲ ಒಂದು ನೋಟುಬುಕ್ಕಿನಲ್ಲಿ ಬರೆದೆ. ವಿಜ್ಞಾನದವಳಲ್ಲವೇ, ಗೆರೆ ಹೊಡೆದು ಅಂಕಣ ಮಾಡಿ ಬರೆದೆ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಯಾರ ಹೆಸರಿದೆ, ಬ್ಯಾಂಕಿನ ಸಾಲದ ಬೋಜಾ ಇದೆಯೋ, ನಳದ ನೀರು ಎಷ್ಟು ದಿನಕ್ಕೊಮ್ಮೆ, ಗಟಾರ ಯಾವ ದಿಕ್ಕಿಗೆ ಹರಿಯುತ್ತದೆ, ಬಾಜೂ ಗೋಡೆ ಸ್ವಂತದ್ದೋ ಪಾಲಿನದೋ. ಹೀಗೆ ನಲವತ್ತು ಪ್ರಶ್ನೆಗಳಾದವು. ನಲವತ್ತೊಂದನೆಯದು ಮಾತ್ರ ಯಾವ ವಿಡಿಯೋದಲ್ಲೂ ಇರಲಿಲ್ಲ, ನಾನೇ ಸೇರಿಸಿಕೊಂಡದ್ದು: 'ನಮಗೆ ಕೊಡುತ್ತಾರೋ?'

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಹುಕ್ಕೇರಿ ತಾಲೂಕಿನ ನಿಡಸೋಸಿ ಕಡೆಯ ಒಂದು ಹಳ್ಳಿ, ಊರ ಹೊರಗಿನ ಕೇರಿ. ನನ್ನ ಅಪ್ಪ ಹರೆಯದಲ್ಲಿರುವಾಗಲೇ ನಮ್ಮ ಕೇರಿಯ ಮಂದಿ ಬೌದ್ಧರಾದರು. ನಾನು ಕಲಿತು ನೌಕರಿ ಹಿಡಿದು ಗೋಕಾಕಕ್ಕೆ ಬಂದು ಹನ್ನೊಂದು ವರ್ಷಗಳಲ್ಲಿ ಐದು ಬಾಡಿಗೆ ಮನೆ ಕಂಡೆ. ಜಾತಿ ಕೇಳುವುದು ಅಸಭ್ಯ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು, ಅದಕ್ಕೇ ಎಲ್ಲರೂ ಅಡ್ಡಹೆಸರು ಕೇಳುತ್ತಾರೆ. ಫೋನಿನಲ್ಲಿ ಖಾಲಿ ಇದ್ದ ಮನೆ, ಅಡ್ಡಹೆಸರು ಹೇಳಿದ ಕೂಡಲೇ ತುಂಬಿಬಿಡುತ್ತಿತ್ತು. ಯಾರದೋ ತಂಗಿಯ ಮಗ ದಿಢೀರನೆ ಗೋಕಾಕಕ್ಕೆ ವರ್ಗವಾಗಿ ಬಂದಿರುತ್ತಿದ್ದ. ಗೋಕಾಕಕ್ಕೆ ಅಷ್ಟೊಂದು ತಂಗಿಯ ಮಕ್ಕಳು ಬಂದಿದ್ದು ಖರೆ ಆಗಿದ್ದರೆ ಊರು ಇಷ್ಟರಲ್ಲಿ ಬೆಳಗಾವಿಯನ್ನು ಮುಟ್ಟಬೇಕಿತ್ತು. ಮನೆ ಕೊಟ್ಟವರೂ ಗೋಡೆಗೆ ಮೊಳೆ ಹೊಡೆಯಬೇಡಿ ಅನ್ನುತ್ತಿದ್ದರು. ಹನ್ನೊಂದು ವರ್ಷ ನಮ್ಮ ಬುದ್ಧನ ಫೋಟೋ ಟ್ರಂಕಿನ ಮೇಲೆ ಗೋಡೆಗೆ ಒರಗಿ ನಿಂತೇ ಇತ್ತು. ಮಗಳು ಹತ್ತನೆಯ ಇಯತ್ತೆಗೆ ಬಂದಾಗ ಒಂದು ದಿನ, ಅವ್ವಾ, ನನ್ನ ಟೈಂಟೇಬಲ್ ಯಾವ ಗೋಡೆಗೆ ಹಚ್ಚಲಿ ಅಂತ ಕೇಳಿದಳು. ಆ ವಾರವೇ ನಾವು ಮನೆ ನೋಡಲು ಹೊರಟೆವು.

ಕನ್ಯೆ ನೋಡಲು ಹೋದವರಿಗೆ ಅವಲಕ್ಕಿ ಚಹಾ ಆಗುವ ಹಾಗೆ ಮನೆ ನೋಡಲು ಹೋದವರಿಗೂ ಆಗುತ್ತದೆ. ಮೂಡಲಗಿಯಲ್ಲಿ ನೋಡಿದ ಹೊಸ ಮನೆಯ ಮಾಲೀಕ ಒಂದು ದೊಡ್ಡ ನಕಾಶೆ ಬಿಡಿಸಿ, ಮನೆ ಮುಂದೆ ನಲವತ್ತು ಫೂಟಿನ ರಸ್ತೆ ಇದೆ ಎಂದು ಬೆರಳಿಟ್ಟು ತೋರಿಸಿದ. ಹೊರಗೆ ಬಂದು ನೋಡಿದರೆ ಅಲ್ಲಿ ಎದೆಯೆತ್ತರ ಕಬ್ಬು. ರಸ್ತೆ ಎಲ್ಲಿ ಅಂದರೆ, ಕಬ್ಬಿನ ಒಳಗೈತ್ರಿ ಅಂದ. ನಾನು ನೋಟುಬುಕ್ಕು ಹಿಡಿದು ರಸ್ತೆ ಹುಡುಕಿಕೊಂಡು ಒಳಗೆ ಹೋದೆ. ಮೈ ಕೈ ಎಲ್ಲ ಕಬ್ಬಿನ ಸುಂಕು ಚುಚ್ಚಿಸಿಕೊಂಡು ಬಂದೆ. ಆ ಕಬ್ಬು ಇನ್ನೊಬ್ಬನದು, ಆ ಹೊಲವೂ ಇನ್ನೊಬ್ಬನದು. ರಸ್ತೆ ಮಾತ್ರ ನಕಾಶೆಯದು.

ಇನ್ನು ನಮ್ಮವರ ಸಂಗತಿ. ಅವರು ಯಾವ ಮನೆಗೆ ಹೋದರೂ ನೇರ ಮೀಟರಿನ ಡಬ್ಬಿಗೆ ಹೋಗುತ್ತಾರೆ. ದೇವರ ಮನೆ, ಅಡುಗೆ ಮನೆ ಅವರಿಗೆ ಬೇಕಿಲ್ಲ. ಮೀಟರ್ ಕೊಳ್ಳಲು ಬಂದಿದ್ದೀರೋ ಮನೆ ಕೊಳ್ಳಲು ಬಂದಿದ್ದೀರೋ ಅಂತ ನಾನು ಎಷ್ಟು ಸಲ ಚುಚ್ಚಿದ್ದೇನೋ. ಕೊಣ್ಣೂರಿನಲ್ಲಿ ಒಂದು ಮನೆ ನನಗೆ ಬಹಳ ಮನಸ್ಸಿಗೆ ಬಂತು. ಒಳಗಿನ ಗೋಡೆಗಳಿಗೆ ಎದೆಯ ಮಟ್ಟದ ತನಕ ನೀಲಿ, ಅದರ ಮೇಲೆ ಬಿಳಿ. ಎಷ್ಟು ಚೆಂದ ಅಂದೆ. ಈಗ ಇದೇ ಫ್ಯಾಷನ್ ಅಂದರು ಮನೆಯವರು. ನಮ್ಮವರು ಮೀಟರಿನ ಡಬ್ಬಿ ತೆಗೆದು, ಒಳಗೆ ಬೆರಳಾಡಿಸಿ, ಬೆರಳನ್ನು ನನ್ನ ಮುಂದೆ ಹಿಡಿದರು. ಒಣಗಿದ ಹೊಳೆಮಣ್ಣು. ಘಟಪ್ರಭೆ ಆ ಮನೆಯೊಳಗೆ ನೀಲಿ ಬಣ್ಣದಷ್ಟೇ ಎತ್ತರ ಬಂದು ಹೋಗಿದ್ದಳು. ಆವತ್ತಿನಿಂದ ನಾನು ಮೀಟರಿನ ವಿಷಯಕ್ಕೆ ಬಾಯಿ ತೆರೆದಿಲ್ಲ.

ಹೀಗೆ ನಾಲ್ಕು ಮನೆ ಕೈಬಿಟ್ಟ ಮೇಲೆ, ಇದು ನಮ್ಮಿಬ್ಬರ ಕೈಲಿ ಆಗುವ ಕೆಲಸವಲ್ಲ, ಅಪ್ಪನನ್ನು ಕರೆಸೋಣ ಅಂದೆ. ಏಕೆಂದರೆ ಮನೆಯ ವಿಷಯದಲ್ಲಿ ನನ್ನ ಅಪ್ಪನಷ್ಟು ತಿಳಿದವರು ನಾನು ಕಂಡಿಲ್ಲ. ಆದರೆ ಅವನ ತಿಳಿವಳಿಕೆ ಒಂದು ವಿಚಿತ್ರ ಬಗೆಯದು.

ನಮ್ಮ ಕಡೆ ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಸಾಲಾಗಿ ಜಂತಿ, ಜಂತಿಯ ಮೇಲೆ ಕಟ್ಟಿಗೆ ಚಕ್ಕೆ, ಅದರ ಮೇಲೆ ಸವಳು ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕಿ ತುಳಿದು ಬಡಿದು ಗಟ್ಟಿ ಮಾಡದಿದ್ದರೆ ಮನೆ ಸೋರುತ್ತದೆ. ಆ ಕೆಲಸ ನನ್ನ ಅಪ್ಪನದು. ಸುತ್ತಲಿನ ನಾಲ್ಕೈದು ಹಳ್ಳಿಯ ಮಾಳಿಗೆಗಳನ್ನು ಅವನು ಹರೆಯದಿಂದ ಮುಪ್ಪಿನ ತನಕ ತುಳಿದ. ಹಿಮ್ಮಡಿಯಿಂದ ಒಂದು ಸಲ ಒದ್ದು, ತಲೆ ವಾರೆ ಮಾಡಿ ಕೇಳಿದನೆಂದರೆ, ಕೆಳಗೆ ಯಾವ ಜಂತಿ ಗಟ್ಟಿ, ಯಾವುದು ಹಾಳಾಗಿದೆ ಅಂತ ಹೇಳುತ್ತಿದ್ದ. ನಾನು ಸಣ್ಣವಳಿರುವಾಗ ಅವನಿಗೆ ಬುತ್ತಿ ಒಯ್ಯುತ್ತಿದ್ದೆ. ಏಣಿ ಹತ್ತಿ ಮಾಳಿಗೆಯ ಮೇಲೆ ಕೂತು ಇಬ್ಬರೂ ರೊಟ್ಟಿ ತಿನ್ನುತ್ತಿದ್ದೆವು. ಯಾರ ಮಾಳಿಗೆಯಲ್ಲಿ ಶಾವಿಗೆ ಒಣಗಿದೆ, ಯಾರದರಲ್ಲಿ ಹಪ್ಪಳ, ಯಾರ ಮನೆಯಲ್ಲಿ ಈ ವರ್ಷ ಮೆಣಸಿನಕಾಯಿ ಕಡಿಮೆ, ಎಲ್ಲ ನನಗೆ ಗೊತ್ತಿರುತ್ತಿತ್ತು. ಮಾಳಿಗೆಯ ನಡುವೆ ಒಂದು ಬೆಳಕಿಂಡಿ ಇರುತ್ತದಲ್ಲ, ನಾನು ಅದಕ್ಕೆ ಕಣ್ಣಿಟ್ಟು ಕೆಳಗೆ ನೋಡುತ್ತಿದ್ದೆ. ಒಂದು ತುಂಡು ನೆಲ, ಅದರ ಮೇಲೆ ಒಂದು ತುಂಡು ಬಿಸಿಲು, ಒಮ್ಮೊಮ್ಮೆ ಯಾರದೋ ಪಾದ. ಆ ಮನೆಗಳ ಒಳಗು ನಮಗೆ ಕಂಡದ್ದು ಅಷ್ಟೇ. ಅಪ್ಪ ಹೊರಗಿನ ಏಣಿಯಿಂದ ಹತ್ತುತ್ತಿದ್ದ, ಹೊರಗಿನ ಏಣಿಯಿಂದಲೇ ಇಳಿಯುತ್ತಿದ್ದ. ನೂರಾರು ಮನೆಗಳನ್ನು ಸೋರದ ಹಾಗೆ ಕಾದವ ಒಂದರ ಹೊಸ್ತಿಲನ್ನೂ ದಾಟಿರಲಿಲ್ಲ. ಇದನ್ನು ಅವನು ಸಿಟ್ಟಿನಿಂದ ಹೇಳಿದ್ದು ನನಗೆ ನೆನಪಿಲ್ಲ. ಸಿಟ್ಟು ನನಗೆ ಬರುತ್ತದೆ, ಈಗಲೂ.

ಅಪ್ಪ ಬಂದ ಮರುದಿನ ನಾವು ಗೋಕಾಕದ ಹಳೇ ಪೇಟೆಯ ಹಿಂದಿನ ಓಣಿಗೆ ಶಾಂತವ್ವನ ಮನೆ ನೋಡಲು ಹೋದೆವು. ಶಾಂತವ್ವ ಎಪ್ಪತ್ತು ದಾಟಿದ ವಿಧವೆ, ಮಕ್ಕಳಿಲ್ಲ. ಹುಕ್ಕೇರಿಯಲ್ಲಿ ಅವಳ ತಂಗಿಯೂ ಒಬ್ಬಳೇ ಇದ್ದಳು. ಇಬ್ಬರೂ ಕೂಡಿ ಇದ್ದು ಜಗಳಾಡುತ್ತ ಕಾಲ ಕಳೆಯುವುದು ಅಂತ ಠರಾವು ಮಾಡಿಕೊಂಡಿದ್ದರು, ಅದಕ್ಕೇ ಮನೆ ಮಾರಾಟಕ್ಕಿತ್ತು. ಕಾಗದ ಪತ್ರದ ವ್ಯವಹಾರವನ್ನೆಲ್ಲ ಬಾಜೂ ಮನೆಯಲ್ಲಿದ್ದ ಅವಳ ಮೈದುನನ ಮಗ ಈರಣ್ಣ ನೋಡುತ್ತಿದ್ದ. ಎತ್ತರದ ಜಾಗ, ಹೊಳೆ ಅಲ್ಲಿಗೆ ಬರುವ ಮಾತಿಲ್ಲ. ಪಡಸಾಲೆ, ನಡುಮನೆ, ಅಡುಗೆ ಮನೆ, ಹಿಂದೆ ಒಂದು ನುಗ್ಗೆ ಗಿಡ. ನಡುಮನೆಗೆ ಹಳೆಯ ಜಂತಿಯ ಮಾಳಿಗೆ, ಎಲ್ಲ ಜಂತಿಗೂ ಹೊಸದಾಗಿ ಕಂದು ಬಣ್ಣ ಬಳಿದಿತ್ತು.

ಬಾಗಿಲಲ್ಲೇ ನಿಂತು ನಾನು ನಲವತ್ತೊಂದನೆಯ ಪ್ರಶ್ನೆಯನ್ನು ಮೊದಲು ಮುಗಿಸಿದೆ. ನಾವು ಬೌದ್ಧರು, ನಡೆಯುವುದಾದರೆ ಒಳಗೆ ಬರುತ್ತೇವೆ ಅಂದೆ. ಹನ್ನೊಂದು ವರ್ಷದ ಅಭ್ಯಾಸದಿಂದ ನನ್ನ ದನಿ ಸ್ವಲ್ಪ ಗಡುಸಾಗಿಯೇ ಬಂದಿರಬೇಕು. ಶಾಂತವ್ವ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ರುಮಾಲು ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದ ಅಪ್ಪನನ್ನು ನೋಡಿದಳು.

"ಕೈಕಾಲ ತೊಳಕೊಳ್ರಿ. ಹೊತ್ತ ಮ್ಯಾಲೆ ಬಂದೇತಿ, ಮೊದಲ ಉಣ್ರಿ, ಆಮ್ಯಾಲೆ ಮನಿ ನೋಡೀರಂತ."

ಅಷ್ಟೇ. ನಾನು ಕಟ್ಟಿಕೊಂಡು ಬಂದ ಗಡುಸೆಲ್ಲ ಅಲ್ಲೇ ಸಡಿಲಾಯಿತು. ನಡುಮನೆಯಲ್ಲಿ ಚಾಪೆ ಹಾಸಿ ಸ್ಟೀಲಿನ ತಾಟು ಇಟ್ಟಳು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಅದೇನು ಸಡಗರವೋ, ಮಾದಲಿ ಬೇರೆ ಮಾಡಿದ್ದಳು. ಗೋಧಿಯನ್ನು ಒರಟಾಗಿ ಒಡೆದು ಬೆಲ್ಲ ಕೊಬ್ಬರಿ ಹಾಕಿ ಮಾಡುವ ಆ ಪುಡಿಸಿಹಿಯ ಮೇಲೆ ಹಾಲು ತುಪ್ಪ ಸುರಿದು ಕೊಟ್ಟಳು. ಅಪ್ಪ ಮೈ ಹಿಡಿ ಮಾಡಿ, ಆದಷ್ಟು ಕಡಿಮೆ ಜಾಗದಲ್ಲಿ ಕೂತಿದ್ದ. ಎರಡನೆಯ ಸಲ ಬಡಿಸಲು ಬಂದರೆ ಸಾಕ್ರಿ ಅವ್ವಾರ, ಸಾಕ್ರಿ ಎಂದು ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದ. ಉಂಡಾದ ಮೇಲೆ ತನ್ನ ತಾಟನ್ನು ತಾನೇ ತೊಳೆಯಲು ಎತ್ತಿಕೊಂಡು ಹೊರಟ. ಶಾಂತವ್ವ ಅದನ್ನು ಅವನ ಕೈಯಿಂದ ಕಸಿದುಕೊಂಡಳು.

ಆಮೇಲೆ ಮನೆ ನೋಡಿದೆವೋ? ನೋಡಿದೆವು, ಹಬ್ಬಕ್ಕೆ ಬಂದವರು ನೋಡುವ ಹಾಗೆ. ನನ್ನ ನಲವತ್ತು ಪ್ರಶ್ನೆಗಳು ಚೀಲದಲ್ಲಿದ್ದವು, ನೋಟುಬುಕ್ಕು ತೆಗೆಯಲು ನನಗೇ ನಾಚಿಕೆಯಾಯಿತು. ಹೀಗೆ ಉಣಿಸಿದ ಮುದುಕಿಯ ಎದುರು ನಿಮ್ಮ ಗಟಾರ ಯಾವ ಕಡೆ ಹರಿಯುತ್ತದೆ ಅಂತ ಹೇಗೆ ಕೇಳುವುದು! ನಮ್ಮವರು ಮೀಟರ್ ನೋಡಿ ತಲೆಯಾಡಿಸಿದರು. ಉತಾರ ಶಾಂತವ್ವನ ಹೆಸರಿಗೇ ಇತ್ತು, ಬೋಜಾ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತ, ಮನಿ ಚೊಲೋ ಐತಿ ಅಂದ. ಅಪ್ಪ ಹೇಳಿದ ಮೇಲೆ ಮುಗಿಯಿತು. ಮರುದಿನ ಸಂಚಕಾರ ಅಂತ ಮುಂಗಡ ಕೊಟ್ಟು ಮಾತು ಪಕ್ಕಾ ಮಾಡಿದೆವು. ಮಗಳು ಟೈಂಟೇಬಲ್ ಹಚ್ಚುವ ಗೋಡೆಯನ್ನು ಮನಸ್ಸಿನಲ್ಲೇ ಆರಿಸಿಕೊಂಡಳು. ಅಪ್ಪ ಮಾತ್ರ ಎರಡು ದಿನ ಸರಿಯಾಗಿ ಉಣ್ಣದೆ, ಮಾತಾಡದೆ, ಊರಿಗೆ ಹೋದ. ವಯಸ್ಸಾಯಿತಲ್ಲ, ಬಿಸಿಲಿಗೆ ಹೀಗಾಗಿರಬೇಕು ಅಂದುಕೊಂಡೆ.

ಆ ಮುಂದಿನ ರವಿವಾರ ಸಂಜೆ ಈರಣ್ಣ ನಮ್ಮ ಬಾಡಿಗೆ ಮನೆಗೆ ಬಂದ. ಕೂತುಕೊಳ್ಳಲಿಲ್ಲ. ಸಂಚಕಾರದ ಲಕೋಟೆಯನ್ನು ಟೀಪಾಯಿಯ ಮೇಲೆ ಇಟ್ಟ.

"ನಿಮ್ಮ ಅಪ್ಪಾರು ಮುಂಜಾನಿ ಬಂದು ನಮ್ಮ ಮನ್ಯಾಗ ಕೊಂಕ ತಗದು, ಹೆಸರಿಟ್ಟು ಹೋದ್ರು. ರೇಟ್ ಇಳಸಾಕ ಇಂಥಾ ಆಟ ಯಾಕ್ರಿ ಟೀಚರ? ಬ್ಯಾಡಾಗಿದ್ರ ಬ್ಯಾಡ ಅನಬೇಕಿತ್ತು."

ನನಗೆ ತಲೆಬುಡ ತಿಳಿಯಲಿಲ್ಲ. ಅವನೇ ಹೇಳಿದ ಮೇಲೆ ತಿಳಿಯಿತು. ಅಪ್ಪ ಊರಿನಿಂದ ಮೊದಲ ಬಸ್ಸಿಗೆ ಬಂದು, ನಮ್ಮ ಮನೆಗೆ ಬಾರದೆ ನೇರ ಶಾಂತವ್ವನ ಬಾಗಿಲಿಗೆ ಹೋಗಿ, ನಡುಮನೆಯ ಮೂರನೆಯ ಜಂತಿ ಹೊಟ್ಟೆಯೊಳಗೆ ಪೂರಾ ಹಾಳಾಗಿದೆ, ಅದರ ಬುಡದಲ್ಲಿ ಮಲಗಬೇಡಿ ಎಂದು ಹೇಳಿ, ನೀರು ಕೂಡ ಕುಡಿಯದೆ ಹಾಗೇ ತಿರುಗಿ ಹೋಗಿದ್ದ. ಆಗಷ್ಟೇ ಬಣ್ಣ ಹಚ್ಚಿದ ಜಂತಿ. ಈರಣ್ಣನಿಗೆ ಅದು ಚೌಕಾಸಿಯ ನಾಟಕವೆನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹೆಸರಿಟ್ಟವರು ಯಾರು ಅನ್ನುವುದೂ ಅವನ ಸಿಟ್ಟಿಗೆ ಸ್ವಲ್ಪ ಕೂಡಿತ್ತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಊರಿಗೆ ಹೋದೆ. ಬಸ್ಸಿನಲ್ಲಿ ಹೋಗುತ್ತ ಹೋಗುತ್ತ ಸಿಟ್ಟು ಕುದಿಯುತ್ತಿತ್ತು. ಅಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತ ಕೂತಿದ್ದ. ನನ್ನ ಜೀವನದಲ್ಲಿ ಅವನ ಮೇಲೆ ನಾನು ಅಷ್ಟು ದೊಡ್ಡ ದನಿ ತೆಗೆದದ್ದಿಲ್ಲ. ಕಂಡಿದ್ದರೆ ಆವತ್ತೇ ಹೇಳಬೇಕಿತ್ತು, ಇಲ್ಲವಾದರೆ ಪೂರ್ತಿ ಸುಮ್ಮನಿರಬೇಕಿತ್ತು, ಬಾಯಿ ಮುಚ್ಚುವಲ್ಲಿ ತೆರೆದು ತೆರೆಯುವಲ್ಲಿ ಮುಚ್ಚಿ ನೀನು ನನ್ನ ಮನೆ ಕಳೆದೆ ಅಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಅಪ್ಪ ಹಗ್ಗ ಕೆಳಗಿಟ್ಟ. ನಿಧಾನವಾಗಿ ಹೇಳಿದ. ಆವತ್ತು ಉಣ್ಣುವಾಗ ಮೇಲಿನಿಂದ ಒಂದು ಚಿಟಿಕೆ ಹುಡಿ ಅವನ ತಾಟಿಗೆ ಉದುರಿತಂತೆ. ಮರ ಕೊರೆಯುವ ಹುಳ ತಿಂದುಗುಳಿದ ಹುಡಿ, ಅವನು ಕೂತಿದ್ದು ಮೂರನೆಯ ಜಂತಿಯ ಬುಡದಲ್ಲಿ. ಮಾದಲಿಯೂ ಪುಡಿ, ಅದೂ ಪುಡಿ, ಬಣ್ಣವೂ ಒಂದೇ ಥರ, ಯಾರಿಗೂ ತಿಳಿಯಲಿಲ್ಲ. ಅವನು ಮೇಲೆ ಕಣ್ಣೆತ್ತದೆ ಅದನ್ನು ಹಾಲಿನಲ್ಲಿ ಕಲಸಿ ತಿಂದುಬಿಟ್ಟ.

"ಉಂಡ ಮನಿ ಜಂತಿ ಎಣಸಬಾರದಂತ ನಮ್ಮವ್ವ ಹೇಳ್ತಿದ್ಲು. ಇಷ್ಟ ವರ್ಷ ಮಂದಿ ಮನಿ ಮ್ಯಾಲೆ ನಿಂತೇನಿ ಯವ್ವಾ. ಒಳಗ ಕರದು, ಕುಂದ್ರಿಸಿ, ತಾಟಿನ್ಯಾಗ ಹಾಕಿದಾಕಿ ಅಕಿ ಒಬ್ಬಾಕಿ. ಅಕಿ ಮುಂದ ನಾ ಹೆಂಗ ಮ್ಯಾಲ ನೋಡಲಿ?"

"ಹಂಗಾದ್ರ ಮತ್ಯಾಕ ಹೋಗಿ ಹೇಳಿದಿ?"

"ಅಕಿ ಹಾಸಿಗಿ ಅದರ ಬುಡಕ ಐತಿ. ಮಳಿಗಾಲ ಹತ್ರ ಬಂತು."

ಇಷ್ಟು ಹೇಳಿ ಮತ್ತೆ ಹಗ್ಗ ಕೈಗೆತ್ತಿಕೊಂಡ. ನಾನು ಆ ಮುಂಗಡ, ಆ ಗೋಡೆ, ಆ ನುಗ್ಗೆ ಗಿಡದ ಲೆಕ್ಕದಲ್ಲಿದ್ದೆ. ಅವನಿಗೆ ನಿದ್ದೆಗೆಡಿಸಿದ್ದು ಮುದುಕಿಯ ಹಾಸಿಗೆ. ಇದು ತಿಳಿದ ಮೇಲೂ ನನ್ನ ಸಿಟ್ಟು ಕೂಡಲೇ ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ. ಒಳ್ಳೆಯವರ ಮಕ್ಕಳಾಗಿರುವುದು ಒಮ್ಮೊಮ್ಮೆ ಬಹಳ ತುಟ್ಟಿ ಬೀಳುತ್ತದೆ. ಒಂದೆರಡು ವಾರ ಅವನಿಗೆ ಫೋನ್ ಮಾಡಲಿಲ್ಲ.

ಆ ದಿನಗಳಲ್ಲಿ ಹುಕ್ಕೇರಿಯಲ್ಲೂ ಒಂದು ಮನೆ ನೋಡಿದೆವು. ಕೆಲಸಕ್ಕೆ ದೂರವಾದರೂ ಚಿಂತೆಯಿಲ್ಲ, ಒಂದು ಸ್ವಂತ ಗೋಡೆ ಆಗಲಿ ಎನ್ನುವ ಹಟಕ್ಕೆ ಬಿದ್ದಿದ್ದೆ. ಅಲ್ಲಿ ಮಾರುವ ಅಣ್ಣನಿಗೆ ಐದು ಜನ ತಂಗಿಯರು. ನಾಲ್ವರು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿ, ಉಡಿ ತುಂಬಿಸಿಕೊಂಡು ಹೋಗಿದ್ದರು. ಐದನೆಯವಳು ಕೊಲ್ಲಾಪುರದಲ್ಲಿದ್ದಳು. ಹಿಂದೆ ಯಾವುದೋ ನಾಗರ ಪಂಚಮಿಗೆ ಅಣ್ಣ ತವರಿಗೆ ಕರೆಯಲು ಬಂದಿರಲಿಲ್ಲವಂತೆ, ಅವನು ಬಂದು ಕರೆದೊಯ್ಯುವ ತನಕ ಸಹಿ ಇಲ್ಲ ಎಂದು ಕೂತಿದ್ದಳು. ಅವನಿಗೆ ಹೋಗಲು ಬಿಗುಮಾನ. ನನ್ನ ನೋಟುಬುಕ್ಕು ಆವತ್ತು ಮೊದಲ ಸಲ ಉಪಯೋಗಕ್ಕೆ ಬಂತು, ಇಂಥ ಮನೆ ಕೊಂಡರೆ ಪಂಚಮಿಯ ಸಿಟ್ಟನ್ನೂ ಕೊಂಡ ಹಾಗೆ ಎಂದು ಎದ್ದು ಬಂದೆವು. ಬರುವಾಗ ನಮ್ಮವರು, ನಿಮ್ಮಪ್ಪಗೂ ಒಂದ್ ಫೋನ್ ಮಾಡು ಅಂದರು. ನಾನು ಕಿಟಕಿಯ ಹೊರ ನೋಡಿದೆ. ಆದರೆ ಮನೆಗೆ ಬಂದು ಮಾಡಿದೆ. ಅಪ್ಪ ಏನೂ ಆಗಿಯೇ ಇಲ್ಲ ಎಂಬಂತೆ, ಉಂಡ್ಯಾ ಅಂತ ಕೇಳಿದ.

ಅದಾಗಿ ನಾಲ್ಕು ದಿನಕ್ಕೆ ಒಂದು ಮುಂಜಾನೆ ಆಟೋ ಬಂದು ನಿಂತಿತು. ಶಾಂತವ್ವ ಇಳಿದಳು, ಹಿಂದೆ ಈರಣ್ಣ. ಅವನು ಒಳಗೆ ಬಂದವನೇ ಗೋಡೆ ನೋಡುತ್ತ ನಿಂತ. ಶಾಂತವ್ವ ಕುರ್ಚಿ ಬೇಡವೆಂದು ನೆಲಕ್ಕೇ ಕೂತು ಸುಧಾರಿಸಿಕೊಂಡು ಹೇಳಿದಳು. ಅಪ್ಪ ಬಂದು ಹೋದ ದಿನವೇ ಅವಳು ಹಾಸಿಗೆಯನ್ನು ಪಡಸಾಲೆಗೆ ಸರಿಸಿದ್ದಳು. ಈರಣ್ಣ ಬೇಡವೆಂದರೂ ಕೇಳದೆ, ಒಂದು ವಾರ ಅವನಿಗೆ ಬೆನ್ನು ಹತ್ತಿ, ಕಡೆಗೆ ಬಡಿಗನನ್ನು ಕರೆಸಿದ್ದಳು. ಬಡಿಗ ಏಣಿ ಹತ್ತಿ ಮೂರನೆಯ ಜಂತಿಗೆ ಉಳಿ ಒತ್ತಿದರೆ, ಉಳಿ ಹಿಡಿಯ ತನಕ ಒಳಗೆ ಹೋಯಿತಂತೆ. ಮೇಲೆ ಬರೀ ಬಣ್ಣ, ಒಳಗೆ ಬರೀ ಹುಡಿ. ಗಂಡ ತೀರಿಕೊಂಡ ಮೇಲೆ ಅಷ್ಟೂ ವರ್ಷ ಅವಳು ಮಲಗಿದ್ದು ಅದರ ಕೆಳಗೇ. ಬಣ್ಣ ಹಚ್ಚಿಸಿದ ಈರಣ್ಣನಿಗೂ ಇದು ಗೊತ್ತಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ಹೆದರಿದ ಮುಖ ಅದು.

"ನಿಮ್ಮ ಅಪ್ಪಾರನ್ನ ಕರಸ್ರಿ" ಅಂದಳು ಶಾಂತವ್ವ. "ಮನಿ ನಿಮಗ ಕೊಡಾಕಿ ನಾ. ಖರೆ ಈ ಸಲ ಮೊದಲ ಉಣ್ಣಾಕ ಹಾಕೂದಿಲ್ಲ. ಎಲ್ಲಾ ಎಣಸಲಿ, ಹೇಳೂದ ಹೇಳಲಿ, ಆಮ್ಯಾಲೆ ಉಣ್ಣಲಿ."

ರವಿವಾರ ಅಪ್ಪ ಬಂದ. ನಡುಮನೆಯ ನಡುವೆ ನಿಂತ. ಒಂದು ಕೈಯಲ್ಲಿ ನಮ್ಮವರ ಟಾರ್ಚು, ಇನ್ನೊಂದರಲ್ಲಿ ಉದ್ದ ಬಡಿಗೆ. ಶಾಂತವ್ವನ ಕಡೆ ನೋಡಿದ. ಶಾಂತವ್ವ ತೊಲೆಗಂಬಕ್ಕೆ ಆತು ಕೂತು, ಹೂಂ ಅಂದಳು. ಅಪ್ಪ ಬಡಿಗೆ ಎತ್ತಿ ಮೊದಲನೆಯದಕ್ಕೆ ತಟ್ಟಿದ. ಒಂದು, ಗಟ್ಟಿ ಐತಿ. ಎರಡು, ಗಟ್ಟಿ ಐತಿ. ಮೂರು, ಸತ್ತೇತಿ. ಅವನ ದನಿ ಮೊದಮೊದಲು ಗಂಟಲಲ್ಲೇ ಇತ್ತು, ಐದಾರು ಆಗುವಷ್ಟರಲ್ಲಿ ಓಣಿಗೆ ಕೇಳುವಷ್ಟಾಯಿತು. ಒಂಬತ್ತನೆಯದರ ಕೆಳಗೆ ಎರಡು ಸಲ ತಟ್ಟಿ, ಇದೂ ಇನ್ನೆರಡು ವರ್ಷ ಅಂದ. ಹದಿನಾಲ್ಕನೆಯದಕ್ಕೆ ಗೋಡೆಯೊಳಗಿನ ತುದಿ ನೆನೆದಿದೆ, ಮಾಳಿಗೆಯ ನೀರು ಅಲ್ಲಿ ನಿಲ್ಲುತ್ತದೆ, ಅಲ್ಲಿ ಇಳಿಜಾರು ತಿದ್ದಬೇಕು ಅಂದ. ಈರಣ್ಣ ಜೇಬಿನಿಂದ ಚೀಟಿ ತೆಗೆದು, ಯಾರೂ ಹೇಳದೆಯೇ ಬರೆದುಕೊಳ್ಳತೊಡಗಿದ. ಹತ್ತೊಂಬತ್ತಕ್ಕೆ ಮುಗಿಯಿತು. ನಾನು ಆವತ್ತಿನ ತನಕ ಎಷ್ಟೋ ಪರೀಕ್ಷೆಗಳಲ್ಲಿ ಮೇಲ್ವಿಚಾರಣೆ ಮಾಡಿದ್ದೆ. ಇಂಥ ಪರೀಕ್ಷೆ ನೋಡಿರಲಿಲ್ಲ.

ಮೂರು ಜಂತಿಗಳನ್ನು ಶಾಂತವ್ವನೇ ಬದಲಾಯಿಸಿ ಕೊಡುವುದೆಂದು ಮಾತಾಯಿತು. ಎರಡು ತಿಂಗಳಲ್ಲಿ ಖರೇದಿಯೂ ಆಯಿತು. ಅವಳು ಹುಕ್ಕೇರಿಗೆ ಹೋಗಿ ತಂಗಿಯ ಜೊತೆ ಜಗಳ ಶುರುಮಾಡಿದಳು, ಈಗಲೂ ತಿಂಗಳಿಗೊಮ್ಮೆ ಫೋನಿನಲ್ಲಿ ಆ ಜಗಳದ ವರದಿ ನನಗೆ ಬರುತ್ತದೆ. ಖರೇದಿಯ ದಿನ ಕಚೇರಿಯಲ್ಲಿ ಎಷ್ಟು ಕಡೆ ಸಹಿ ಹಾಕಿದೆ, ಯಾವ ಸೀರೆ ಉಟ್ಟಿದ್ದೆ, ಒಂದೂ ನೆನಪಿಲ್ಲ. ಮನೆ ನಮ್ಮದಾದದ್ದು ಆ ಎಣಿಕೆಯ ದಿನ ಮಧ್ಯಾಹ್ನ ಎಂದೇ ನನ್ನ ಮನಸ್ಸಿನಲ್ಲಿದೆ.

ಆವತ್ತು ಎಣಿಕೆ ಮುಗಿಸಿ ಅಪ್ಪ ಬಡಿಗೆಯನ್ನು ಮೂಲೆಗಿಟ್ಟು ಕೈ ತೊಳೆದುಕೊಂಡು ಬಂದ. ಶಾಂತವ್ವ ಅಡುಗೆ ಮನೆಯಲ್ಲೇ ಚಾಪೆ ಹಾಸಿದ್ದಳು. ಈರಣ್ಣನೂ ಬಾಜೂ ಕೂತ. ಬಿಸಿ ರೊಟ್ಟಿ, ಪುಂಡಿ ಪಲ್ಲೆ, ಮೊಸರು. ಅಪ್ಪ ಚಕ್ಕಳಮಕ್ಕಳ ಹಾಕಿ ಅಗಲವಾಗಿ ಕೂತು, ಯಾರ ಮುಖವನ್ನೂ ನೋಡದೆ ಹಸಿದವನ ಹಾಗೆ ಉಂಡ. ತಾಟು ಖಾಲಿಯಾದಾಗ ತಲೆ ಎತ್ತಿ, ಒಲೆಯ ಮುಂದಿದ್ದ ಶಾಂತವ್ವನ ಕಡೆ ಅದನ್ನು ಚಾಚಿದ.

"ಇನ್ನೊಂದ್ ರೊಟ್ಟಿ ಹಾಕ್ರಿ" ಅಂದ.

ಪರರ ಮುಂದೆ ಅವನು ಬೇಡವೆಂದದ್ದನ್ನೇ ಕೇಳುತ್ತ ಬೆಳೆದವಳು ನಾನು. ಬೇಕು ಎಂದದ್ದನ್ನು ಆವತ್ತು ಕೇಳಿದೆ.